ಕೆಂಪು ಪೋಸ್ಟ್‌ಮನ್ನನ ಬೆನ್ನಿನ ಬಣ್ಣ

2014ರ ಅಕ್ಟೋಬರ್ 11, ಶನಿವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಒಹಾಯೋದ ಸ್ಯಾಂಡಸ್ಕಿ ಊರಿನ ಸಾರ್ವಜನಿಕ ಗ್ರಂಥಾಲಯದ ನೆಲಮಾಳಿಗೆಯಲ್ಲಿ ವೆಂಡೆಲ್ ಪ್ಲಂಕೆಟ್ ಒಂದು ರಟ್ಟಿನ ಪೆಟ್ಟಿಗೆಯನ್ನು ಕೇಕಿನ ಚಾಕುವಿನಿಂದ ಕೊಯ್ದ. ಹತ್ತು ಇಪ್ಪತ್ತೊಂದಕ್ಕೆ ಅವನ ಮಾನ ಹೋಗಬೇಕಾಗಿತ್ತು. ಆದರೆ ಅದು ಹೋದದ್ದು ನಾಲ್ಕು ವಾರ ತಡವಾಗಿ. ಹೋಗಬೇಕಾದ ಮಾನ ಹೊತ್ತಿಗೆ ಸರಿಯಾಗಿ ಹೋಗಿಬಿಟ್ಟರೆ ಅದರಷ್ಟು ಸುಖ ಬೇರೆ ಇಲ್ಲವೆಂದು ವೆಂಡೆಲ್‌ಗೆ ಆಮೇಲೆ ತಿಳಿಯಿತು.

ವೆಂಡೆಲ್ ಊರಿನ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿದ್ದ. ಸರೋವರದಿಂದ ಬಂದ ನೀರಿನಲ್ಲಿ ಕ್ಲೋರಿನ್ ಎಷ್ಟಿದೆಯೆಂದು ದಶಾಂಶದ ಎರಡನೆಯ ಸ್ಥಾನದವರೆಗೆ ಅಳೆದು ಬರೆಯುವುದು ಅವನ ಕೆಲಸ. ವಾರದ ಐದು ದಿನ ನೀರಿನ ಶುದ್ಧಿ ನೋಡಿದವನಿಗೆ ಆರನೆಯ ದಿನ ಮನುಷ್ಯರ ಶುದ್ಧಿ ನೋಡುವ ಚಟ ಹತ್ತಿತ್ತು. ಹಳೆಯ ಕಾಮಿಕ್ಸ್ ಸಂಗ್ರಾಹಕರ ಸಂಘಕ್ಕೆ ಅವನು ಹನ್ನೊಂದು ವರ್ಷದಿಂದ ತಪಾಸಣಾಧಿಕಾರಿ. ಆ ಹುದ್ದೆಯನ್ನು ಸೃಷ್ಟಿಸಿದವನೂ ಅವನೇ, ಅರ್ಜಿ ಹಾಕಿದವನೂ ಅವನೇ, ಆಯ್ಕೆಯಾದವನೂ ಅವನೇ. ಕೈಯಲ್ಲಿ ಭೂತಗನ್ನಡಿ, ಚೀಲದಲ್ಲಿ ನೇರಳೆ ಬೆಳಕಿನ ದೀಪ. ಆ ಬೆಳಕಿನ ಕೆಳಗೆ ಆಮೇಲೆ ಹಚ್ಚಿದ ಬಣ್ಣ ಬೇರೆಯಾಗಿ ಹೊಳೆಯುತ್ತದೆ. ಸಂಘದ ಹದಿನೆಂಟು ಮಂದಿಯ ಪುಸ್ತಕಗಳನ್ನೆಲ್ಲ ಅವನು ಆ ದೀಪದ ಕೆಳಗೆ ಹಿಡಿದು ನೋಡಿದ್ದ. ಹತ್ತೊಂಬತ್ತನೆಯ ಸದಸ್ಯ ತಾನಾದ್ದರಿಂದ ಅದರ ಅಗತ್ಯ ಕಂಡಿರಲಿಲ್ಲ.

ಈ ಜನರ ನೀತಿ ಕೊಂಚ ಕಠಿಣವಾದದ್ದು. ಹರಿದ ಪುಸ್ತಕಕ್ಕೆ ಅವರಲ್ಲಿ ಮರ್ಯಾದೆಯುಂಟು. ಹರಿದದ್ದನ್ನು ಅಂಟಿಸಿದ ಪುಸ್ತಕಕ್ಕಿಲ್ಲ. ಎಪ್ಪತ್ತು ವರ್ಷದ ಮುಖಪುಟದಲ್ಲಿ ಇಲಿ ಕಡಿದ ಗುರುತಿದ್ದರೆ "ಪಾಪ, ವಯಸ್ಸಾಗಿದೆ" ಎನ್ನುತ್ತಾರೆ. ಅದೇ ಗುರುತಿಗೆ ಯಾರಾದರೂ ಬಣ್ಣ ತೀಡಿದ್ದರೆ ಮೂಗು ಮುಚ್ಚಿಕೊಳ್ಳುತ್ತಾರೆ. ಶ್ರೇಣಿ ಕೊಡುವ ಕಂಪನಿಗಳಿವೆ. ಪುಸ್ತಕ ಕಳಿಸಿದರೆ ಪರೀಕ್ಷಿಸಿ, ಹತ್ತಕ್ಕೆ ಇಷ್ಟೆಂದು ಅಂಕ ಹಾಕಿ, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮೊಹರು ಮಾಡಿ ವಾಪಸು ಕಳಿಸುತ್ತಾರೆ. ನೆತ್ತಿಯ ಮೇಲೆ ನೀಲಿ ಪಟ್ಟಿ ಇದ್ದರೆ ಪುಸ್ತಕ ಇದ್ದಂತೆಯೇ ಇದೆ ಎಂದರ್ಥ. ನೇರಳೆ ಪಟ್ಟಿ ಇದ್ದರೆ ಯಾರೋ ಕೈಯಾಡಿಸಿದ್ದಾರೆ. ನೇರಳೆ ಪಟ್ಟಿಯ ಪುಸ್ತಕವನ್ನು ಗೋಡೆಗೆ ಮುಖ ಮಾಡಿ ಇಡುವ ಮನೆಗಳಿವೆ.

"ಬಣ್ಣ ಹಚ್ಚುವವರ ಬಣ್ಣ ಬಯಲು" ಎಂಬುದು ವೆಂಡೆಲ್‌ನ ವಾರ್ಷಿಕ ಉಪನ್ಯಾಸ. ಎರಡು ವರ್ಷದ ಹಿಂದೆ ಈ ಉಪನ್ಯಾಸದ ನಡುವೆ ಒಬ್ಬ ದಂತವೈದ್ಯರ ಪುಸ್ತಕವನ್ನು ದೀಪದ ಕೆಳಗೆ ಹಿಡಿದು, "ಹಲ್ಲಿಗೆ ಹಾಕುವ ಸಿಮೆಂಟನ್ನು ಇಲ್ಲಿಗೂ ಹಾಕಿದೀರೋ ಹೇಗೆ?" ಎಂದು ಕೇಳಿದ್ದ. ದಂತವೈದ್ಯರು ಆಮೇಲೆ ಸಂಘದ ಕಡೆ ತಲೆ ಹಾಕಿರಲಿಲ್ಲ.

ಇಂಥವನು ಕೊನೆಗೂ ತನ್ನ ಒಡವೆಯನ್ನು ಶ್ರೇಣಿಗೆ ಕಳಿಸಿದ್ದ. 1948ರ 'ಕೆಂಪು ಪೋಸ್ಟ್‌ಮನ್', ಏಳನೆಯ ಸಂಚಿಕೆ. ಮುಖಪುಟ ಪೂರ್ತಿ ಕೆಂಪು. ಅದರ ನಡುವೆ ನಿಲುವಂಗಿ ಹಾರಿಸಿಕೊಂಡು ಪೋಸ್ಟ್‌ಮನ್ ಆಕಾಶಕ್ಕೇರಿದ್ದಾನೆ. ಅವನ ಪ್ಯಾಂಟು ಕಚ್ಚಿಕೊಂಡ ನಾಯಿಯೂ ಜೊತೆಗೇ ಏರಿದೆ. ಪೆಟ್ಟಿಗೆ ಬಂದ ದಿನ ಮನೆಯಲ್ಲಿ ಬಿಚ್ಚದೆ, ಎಲ್ಲರೆದುರು ಬಿಚ್ಚುತ್ತೇನೆಂದು ಸಂಘಕ್ಕೆ ತಂದಿದ್ದ. ಜೊತೆಗೊಂದು ಕೇಕು. ಅದರ ಮೇಲೆ ನೀಲಿ ಕೆನೆಯಲ್ಲಿ '8.5' ಎಂದು ತಾನೇ ಬರೆಸಿದ್ದ.

ಪೆಟ್ಟಿಗೆ ತೆರೆಯಿತು. ಪಟ್ಟಿ ನೇರಳೆ.

ಅಧ್ಯಕ್ಷೆ ಬರ್ನಿಸ್ ಹಾಲೊವೆಲ್ ನಿವೃತ್ತ ಮುಖ್ಯೋಪಾಧ್ಯಾಯಿನಿ. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಏಳು ಅಂಕ. ಮುಖಪುಟದ ಬೆನ್ನಿನಲ್ಲಿ ಅಲ್ಪ ಪ್ರಮಾಣದಲ್ಲಿ ಬಣ್ಣ ಹಚ್ಚಲಾಗಿದೆ."

ಯಾರೋ ಕೇಕಿನ ಮುಚ್ಚಳ ಮುಚ್ಚಿದರು.

ವೆಂಡೆಲ್‌ಗೆ ಆಗ ಎಲ್ಲವೂ ಒಟ್ಟಿಗೆ ನೆನಪಾಯಿತು. 1989ರ ಮೇ ತಿಂಗಳ ಒಂದು ಭಾನುವಾರ. ಅಡಿಗೆಮನೆಯ ಮೇಜು. ಪುಸ್ತಕದ ಬೆನ್ನಿನ ಮಡಿಕೆಯಲ್ಲಿ, ಮೇಲಿನ ಪಿನ್ನಿನ ಕೆಳಗೆ ಬಣ್ಣ ಹಾರಿಹೋಗಿ ಕಣ್ಣಿಗೆ ಚುಚ್ಚುತ್ತಿದ್ದ ಒಂದು ಬಿಳಿ ಚುಕ್ಕೆ. ಕೆಂಪು ಮಾರ್ಕರ್ ಪೆನ್ನು. ಉಸಿರು ಬಿಗಿಹಿಡಿದು ಒಂದೇ ಒಂದು ಗೀಟು. ಆಗ ಅದು ತಪ್ಪೆಂದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಮರೆಯಲು ಶುರುಮಾಡಿ, ಇಪ್ಪತ್ತೈದು ವರ್ಷದಲ್ಲಿ ಆ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿದ್ದ.

"ಪ್ಲಂಕೆಟ್ ಅವರೇ," ಬರ್ನಿಸ್ ಕೇಳಿದರು, "ಏನಿದು?"

ಹದಿನೆಂಟು ಮುಖಗಳು. "ನಾನು," ಎಂದ ವೆಂಡೆಲ್. ಕೇಕಿನ ಚಾಕುವನ್ನು ಕೆಳಗಿಟ್ಟ. "ನಾನು ಇದನ್ನ 1989ರಲ್ಲಿ ಆರ್ವಿಲ್ ಸ್ಟೆಂಗರ್ ಹತ್ರ ಕೊಂಡಿದ್ದು."

ಈ ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಪ್ರಯೋಗಾಲಯದವನಾದ ವೆಂಡೆಲ್ ಮುಂದಿನ ನಾಲ್ಕು ವಾರ ಇದೊಂದನ್ನೇ ಹಿಡಿದು ನೇತಾಡಿದ. ಅವನು ಹೇಳಿದ್ದು ದತ್ತಾಂಶ, ತೀರ್ಮಾನ ಬೇರೆಯವರದು.

ತೀರ್ಮಾನಕ್ಕೆ ಎರಡು ಸೆಕೆಂಡು ಬೇಕಾಯಿತು.

"ಆ ಮುದುಕ!" ಎಂದು ಮೇಜು ಗುದ್ದಿದವನು ಲೈಲ್, ವೆಂಡೆಲ್‌ನ ಹೆಂಡತಿಯ ತಮ್ಮ. ಟೈರು ಅಂಗಡಿಯಲ್ಲಿದ್ದು ದನಿಯನ್ನು ಟೈರಿನಂತೆಯೇ ಬೆಳೆಸಿಕೊಂಡಿದ್ದ. "ಭಾವ, ನಿನಗೇ ಟೋಪಿ ಹಾಕ್ಬಿಟ್ನಲ್ಲೋ! ಇಪ್ಪತ್ತೈದು ವರ್ಷ!"

"ಟೋಪಿ ಅಂತ ನಾನೇನೂ..."

"ನೋಡಿ, ಈಗಲೂ ಬಿಟ್ಟುಕೊಡ್ತಿಲ್ಲ. ಎಂಥಾ ಮನುಷ್ಯ!"

ಆರ್ವಿಲ್ ಸ್ಟೆಂಗರ್‌ಗೆ ಎಂಬತ್ತೊಂದು ವರ್ಷ. ಅವರ ಹಳೆಯ ಕಾಮಿಕ್ಸ್ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಉಳಿದದ್ದೆಂದರೆ ಸಂಘದ ನವೆಂಬರ್ ಮೇಳದಲ್ಲಿ ಬಾಗಿಲ ಪಕ್ಕದ ಮೊದಲನೆಯ ಮೇಜು. ಮೂವತ್ಮೂರು ವರ್ಷದಿಂದ ಅದು ಅವರದೇ. ಮಾರುವುದಕ್ಕೆ ನಾಲ್ಕು ಡಬ್ಬಿ ಪುಸ್ತಕವೂ ಇರುತ್ತಿರಲಿಲ್ಲ. ಒಳಗೆ ಬರುವವರೆಲ್ಲ ಅವರ ಕೈ ಕುಲುಕಿ, "ಆರ್ವಿಲ್, ನನ್ನ ಮೊದಲನೇ ಪುಸ್ತಕ ಕೊಟ್ಟಿದ್ದು ನೀವೇ" ಎನ್ನುವುದಷ್ಟೇ ಅವರಿಗೆ ಬೇಕಾಗಿತ್ತು.

ಸೋಮವಾರದ ಹೊತ್ತಿಗೆ ಸುದ್ದಿ ಟೈರು ಅಂಗಡಿ ದಾಟಿ ಹೊರಬಿತ್ತು. ಮಂಗಳವಾರ ಪಕ್ಕದ ಮನೆಯ ವಿಧವೆ ಸೇಬು ತುಂಬಿದ ಸಿಹಿ ಪೈ ತಂದುಕೊಟ್ಟು, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಧೈರ್ಯ ತಗೊಳ್ಳಿ ವೆಂಡೆಲ್. ಪುಸ್ತಕ ನೋಡಬಹುದಾ? ಬೇಡ ಬೇಡ, ಹೇಗಿತ್ತೋ ಹಾಗೇ ನೆನಪಿಟ್ಟುಕೊಳ್ತೀನಿ" ಎಂದಳು. ಬುಧವಾರ ಎರಡು ಪೈ. ಗುರುವಾರ ಪೊಲೀಸ್ ಸಾರ್ಜೆಂಟ್ ಬಂದ. ಅವನೂ ಲೈಲ್‌ನ ಗಿರಾಕಿ.

"ದೂರು ಕೊಡ್ತೀರಾ ಸಾರ್?"

"ಇಲ್ಲ! ದೂರು ಗೀರು ಏನೂ ಇಲ್ಲ."

"ಮೋಸ ಆಗಿದೆಯಂತೆ?"

"ಆಗಿದೆ. ಅಂದ್ರೆ, ಯಾರಿಂದ ಅಂತ ನಾನು ಹೇಳಿಲ್ಲ."

ಸಾರ್ಜೆಂಟ್ ತನ್ನ ಟಿಪ್ಪಣಿ ಪುಸ್ತಕ ಮಡಚಿ ಟೋಪಿ ತೆಗೆದ. "ಇಪ್ಪತ್ತು ವರ್ಷ ಸರ್ವೀಸಲ್ಲಿ ಇಷ್ಟು ಒಳ್ಳೆ ಮನಸ್ಸು ನೋಡಿಲ್ಲ ಸಾರ್," ಎಂದು ಒಂದು ತುಂಡು ಪೈ ತಿಂದು ಹೋದ.

ಹೀಗೆ ವೆಂಡೆಲ್ ಸುಮ್ಮನಿದ್ದಷ್ಟೂ ದೊಡ್ಡವನಾಗುತ್ತ ಹೋದ. ಮಾತಾಡಿದರೆ ಇನ್ನೂ ದೊಡ್ಡವನಾಗುತ್ತಿದ್ದ. ಕಚೇರಿಯಲ್ಲಿ ಮೇಲಧಿಕಾರಿ ಅವನ ಬೆನ್ನು ತಟ್ಟಿದ. ತಟ್ಟಿದ್ದು ಸರಿಯಾಗಿ ಪಿನ್ನು ಇರುವ ಜಾಗದಲ್ಲೇ ಎಂದು ವೆಂಡೆಲ್‌ಗೆ ಅನ್ನಿಸಿತು. ಆ ವಾರ ಅವನು ಬರೆದ ಕ್ಲೋರಿನ್ ಅಂಕಿಯನ್ನು ಎರಡು ಸಲ ತಿದ್ದಬೇಕಾಯಿತು.

ಅಕ್ಟೋಬರ್ ಕೊನೆಗೆ ಬರ್ನಿಸ್ ನೋಟಿಸು ಕಳಿಸಿದರು. ನವೆಂಬರ್ 8ರಂದು ವಿಶೇಷ ಸಭೆ, ವಿಷಯ: ಆರ್ವಿಲ್ ಸ್ಟೆಂಗರ್ ಅವರಿಗೆ ಮೇಳದಲ್ಲಿ ಮೇಜು ನಿರಾಕರಿಸುವುದು, ವರದಿ: ತಪಾಸಣಾಧಿಕಾರಿಗಳಿಂದ.

ನವೆಂಬರ್ 5ರ ಸಂಜೆ ಕರೆಗಂಟೆ ಸದ್ದು ಮಾಡಿತು. ಇನ್ನೊಂದು ಪೈ ಇರಬೇಕೆಂದು ವೆಂಡೆಲ್ ಬಾಗಿಲು ತೆಗೆದ. ಆರ್ವಿಲ್ ನಿಂತಿದ್ದರು. ಕಂಕುಳಲ್ಲಿ ಒಂದು ಬೂಟಿನ ಡಬ್ಬಿ.

"ಜಗಳಕ್ಕೆ ಬಂದಿಲ್ಲ ಮಗಾ. ಕಾಫಿ ಇದೆಯಾ?"

ವೆಂಡೆಲ್ ಕಾಫಿ ಬಗ್ಗಿಸಿದ. ಅರ್ಧ ಕಪ್ಪಿಗೆ, ಅರ್ಧ ಮೇಜಿಗೆ.

"ನನ್ನ ಕಾರಿನ ಗಾಜಿಗೆ ಯಾರೋ ನೇರಳೆ ಕಾಗದ ಅಂಟಿಸಿದಾರೆ," ಎಂದರು ಆರ್ವಿಲ್, ಊರಿನ ಹವೆಯ ಬಗ್ಗೆ ಹೇಳುವವರ ಹಾಗೆ. "ಗೋಂದು ಒಳ್ಳೇದು. ಕೆರೆದರೂ ಬರ್ತಿಲ್ಲ. ಕ್ಷೌರದ ಅಂಗಡೀಲಿ ನಾನು ಹೋದ ತಕ್ಷಣ ಎಲ್ಲರಿಗೂ ಪೇಪರ್ ಓದೋ ಆಸಕ್ತಿ ಬರುತ್ತೆ."

"ನೀವೇ ಹಚ್ಚಿದ್ದು ಅಂತ ನಾನು ಹೇಳಲಿಲ್ಲ. ನಿಮ್ಮ ಹತ್ರ ಕೊಂಡೆ ಅಂದೆ, ಅಷ್ಟೆ."

"ಕೊಂಡಿದ್ದು ನಿಜ ತಾನೇ? ನಾನೇನಾದ್ರೂ ಅಲ್ಲ ಅಂದ್ನಾ?"

ಅವರು ಬೂಟಿನ ಡಬ್ಬಿಯ ಮುಚ್ಚಳ ತೆಗೆದರು. ಡಬ್ಬಿಯ ತುಂಬ ಹಳದಿ ಕಾರ್ಡುಗಳು. ಆಗ ವೆಂಡೆಲ್‌ಗೆ ಮರೆತಿದ್ದ ಇನ್ನೊಂದು ಸಂಗತಿ ನೆನಪಾಯಿತು. ಆರ್ವಿಲ್ ಪುಸ್ತಕ ಮಾರುವ ಮೊದಲು ಅದರ ಒಂದೊಂದು ಕುಂದನ್ನೂ ಕಾರ್ಡಿನಲ್ಲಿ ಬರೆದು, ಗಿರಾಕಿಗೆ ಓದಿಸಿ, ಸಹಿ ಹಾಕಿಸಿಕೊಂಡೇ ಕೊಡುತ್ತಿದ್ದರು. ಗಿರಾಕಿಗಳು ಅದನ್ನು ತಮಾಷೆ ಮಾಡುತ್ತಿದ್ದರು. "ಮದುವೆ ರಿಜಿಸ್ಟರಿಗಿಂತ ಬಿಗಿಯಾಗಿದೆ ನಿಮ್ಮದು" ಎಂದು ಆವತ್ತು ನಕ್ಕವನು ವೆಂಡೆಲ್ಲೇ.

ಆರ್ವಿಲ್ ಒಂದು ಕಾರ್ಡು ಎಳೆದು ಮೇಜಿನ ಮೇಲಿಟ್ಟರು. 'ಕೆಂಪು ಪೋಸ್ಟ್‌ಮನ್ 7. ಮೇ 6, 1989. ಬೆನ್ನಿನಲ್ಲಿ, ಮೇಲಿನ ಪಿನ್ನಿನ ಕೆಳಗೆ, ಬಣ್ಣ ಹೋಗಿ ಬಿಳಿ ಕಾಣುತ್ತದೆ. ಒಂದು ಸಾಸಿವೆ ಕಾಳಿನಷ್ಟು. ಬೇರೆ ಕುಂದಿಲ್ಲ.' ಕೆಳಗೆ, ಬಾಲ ಸುತ್ತಿದ ದೊಡ್ಡ ಸಹಿ: ವೆಂಡೆಲ್ ಪ್ಲಂಕೆಟ್.

"ಇರೋದು ಇದೊಂದೇ. ನಕಲು ಮಾಡಿಸಿಲ್ಲ," ಎಂದು ಮುದುಕರು ಎದ್ದರು.

"ಇದನ್ನ ಯಾಕೆ ನನಗೆ ಕೊಡ್ತಿದೀರ? ಬರ್ನಿಸ್‌ಗೆ ಕೊಡಬಹುದಿತ್ತಲ್ಲ?"

"ತಪಾಸಣೆ ಅಧಿಕಾರಿ ನೀನಲ್ವಾ ಮಗಾ? ತಪಾಸಣೆ ಮಾಡು." ಬಾಗಿಲಲ್ಲಿ ತಿರುಗಿದರು. "ಕಾಫಿ ಚೆನ್ನಾಗಿತ್ತು."

ಕಾಫಿ ಕೆಟ್ಟದಾಗಿತ್ತು. ಹೆಂಡತಿ ಡಾರ್ಲೀನ್ ಮನೆಗೆ ಬಂದು, ಬಂದುಹೋದವರು ಯಾರೆಂದು ಕೇಳಿ, "ಆ ಮನುಷ್ಯನಿಗೆ ಈ ಮನೇಲಿ ಕಾಫಿ ಕೇಳೋಕೆ ನಾಲಿಗೆ ಹೇಗೆ ಬಂತು!" ಎಂದು ಆ ಕಪ್ಪನ್ನು ಮೂರು ಸಲ ತೊಳೆದಳು. ವೆಂಡೆಲ್ ಕಾರ್ಡನ್ನು ಮೊದಲು ನಿಘಂಟಿನಲ್ಲಿಟ್ಟ. ಅಲ್ಲಿಂದ ಮಂಜುಗಡ್ಡೆಯ ಪೆಟ್ಟಿಗೆಗೆ, ಬಟಾಣಿ ಚೀಲದ ಕೆಳಗೆ. ಅಲ್ಲಿಂದ ಅಂಗಿಯ ಜೇಬಿಗೆ. ಹರಿಯುವ ಯೋಚನೆ ಬರಲಿಲ್ಲವೆಂದು ಹೇಳಿದರೆ ಕಥೆಗಾರ ಸುಳ್ಳುಗಾರನಾಗುತ್ತಾನೆ. ಆದರೆ 1989ರ ಕಾರ್ಡು, ಮೂಲೆಗಳು ಚೂಪಾಗಿ, ಒಂದು ಮಡಿಕೆಯಿಲ್ಲದೆ ಅಷ್ಟು ಚೆನ್ನಾಗಿತ್ತು. ಅದನ್ನು ಹರಿಯಲು ಸಂಗ್ರಾಹಕನ ಕೈ ಏಳಲಿಲ್ಲ. ಕೆಲವರನ್ನು ಆತ್ಮಸಾಕ್ಷಿ ಕಾಯುತ್ತದೆ. ವೆಂಡೆಲ್‌ನನ್ನು ಕಾದದ್ದು ಕಾಗದದ ಮೇಲಿನ ಮಮತೆ.

ನವೆಂಬರ್ 8ರಂದು ನೆಲಮಾಳಿಗೆ ತುಂಬಿತ್ತು. ಲೈಲ್ ತನ್ನ ಅಕ್ಕನನ್ನೂ ಕರೆತಂದಿದ್ದ. ಡಾರ್ಲೀನ್ ಉಳಿದ ಪೈಗಳನ್ನು ತಂದಿದ್ದಳು. ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಆರ್ವಿಲ್, ಟೋಪಿ ತೊಡೆಯ ಮೇಲೆ. ಅವರ ಸುತ್ತ ನಾಲ್ಕು ಕುರ್ಚಿ ಖಾಲಿ.

"ತಪಾಸಣಾಧಿಕಾರಿಗಳು ವರದಿ ಓದಬೇಕು," ಎಂದರು ಬರ್ನಿಸ್.

ವೆಂಡೆಲ್ ಎದ್ದ. ಮೂರು ದಿನದಿಂದ ಬರೆದ ವರದಿ ಹನ್ನೊಂದು ಪುಟವಿತ್ತು. ಶಾಯಿಗಳ ರಸಾಯನ, ಹಳೆಯ ಕಾಗದದ ಹೀರುವ ಗುಣ, ನೇರಳೆ ಬೆಳಕಿನ ಇತಿಹಾಸ ಎಲ್ಲ ಇತ್ತು. ಮುಖ್ಯ ಸಂಗತಿ ಹನ್ನೊಂದನೆಯ ಪುಟದ ಕೊನೆಯ ಸಾಲಿನಲ್ಲಿತ್ತು. ಮೊದಲ ಪುಟ ಓದಲು ಬಾಯಿ ತೆರೆದ. ಕೊನೆಯ ಸಾಲು ಬಂತು.

"ಬಣ್ಣ ಹಚ್ಚಿದ್ದು ನಾನು."

ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು. ಆಮೇಲೆ ಎಲ್ಲರೂ.

"ಭಾವಾ!" ಲೈಲ್ ಕಣ್ಣೊರೆಸಿಕೊಂಡ. "ಆ ಮುದುಕನ್ನ ಉಳಿಸೋಕೆ ತನ್ನ ತಲೆ ಮೇಲೆ ಹಾಕ್ಕೊಂಡ್ನಲ್ಲಪ್ಪಾ!"

"ಅಲ್ಲಯ್ಯಾ, ನಿಜವಾಗ್ಲೂ ನಾನೇ!"

"ಇಷ್ಟು ವರ್ಷ ಪಾಠ ಮಾಡಿದೀನಿ," ಎಂದರು ಬರ್ನಿಸ್ ಗದ್ಗದಿಸುತ್ತ. "ದೊಡ್ಡತನಕ್ಕೆ ಇಂಥಾ ಉದಾಹರಣೆ ಸಿಕ್ಕಿರಲಿಲ್ಲ. ಕೂತ್ಕೊಳ್ಳಿ ಪ್ಲಂಕೆಟ್ ಅವರೇ. ನಿಮ್ಮ ಮಾತನ್ನ ನಾವು ನಂಬೋದಿಲ್ಲ."

"ನಂಬಬೇಕು! ಇಲ್ಲಿ ಕಾರ್ಡಿದೆ. ನನ್ನದೇ ಸಹಿ!"

ಕಾರ್ಡು ಕೈಯಿಂದ ಕೈಗೆ ಹೋಯಿತು. "ಆರ್ವಿಲ್ಲೇ ಮೊನ್ನೆ ಬರೆದಿರಬೇಕು," ಎಂದಿತು ಒಂದು ದನಿ. "ಸಹಿ ನೋಡಿ, ಎಷ್ಟು ಜಂಬದ ಸಹಿ. ನಮ್ಮ ವೆಂಡೆಲ್ ಹೀಗೆ ಹಾಕ್ತಾರಾ?" ಎಂದಿತು ಇನ್ನೊಂದು. ಹನ್ನೊಂದು ವರ್ಷ ಇನ್ನೊಬ್ಬರ ತಪ್ಪು ಸಾಬೀತು ಮಾಡಿದ್ದವನಿಗೆ ತನ್ನದೊಂದನ್ನು ಸಾಬೀತು ಮಾಡಲಾಗಲಿಲ್ಲ. ಅವನು ಬೆವರಿದ. ಬೆವರಿದ್ದನ್ನು ನೋಡಿ ಒಬ್ಬಾಕೆ, "ಪಾಪ, ಸುಳ್ಳು ಹೇಳಿ ಅಭ್ಯಾಸ ಇಲ್ಲ" ಎಂದಳು.

"ಒಂದು ನಿಮಿಷ," ಎಂದಳು ಡಾರ್ಲೀನ್ ಪೈ ಕೊಯ್ಯುವುದನ್ನು ನಿಲ್ಲಿಸಿ. "ವೆಂಡೆಲ್, ಯಾವ ಪೆನ್ನಲ್ಲಿ?"

"ಕೆಂಪು ಮಾರ್ಕರ್."

"ಅಡಿಗೆಮನೆ ಮೂರನೇ ಡ್ರಾಯರಿಂದಾ?"

"ಅದೇ ತರದ್ದು."

ಡಾರ್ಲೀನ್ ಚಾಕು ಕೆಳಗಿಟ್ಟಳು. "ಹಾಗಾದ್ರೆ ಇವನೇ ಹಚ್ಚಿರೋದು."

"ಅಕ್ಕಾ!"

"ನೀನು ಸುಮ್ನಿರು ಲೈಲ್. ಹದಿನೆಂಟು ವರ್ಷ ಇವನ ಜೊತೆ ಸಂಸಾರ ಮಾಡಿದೀನಿ. ನಮ್ಮ ಫ್ರಿಜ್ಜಿನ ಮೂಲೆ ಕಿತ್ತಿತ್ತು, ನನ್ನ ಬಿಳೀ ನೇಲ್‌ಪಾಲಿಶ್ ಹಚ್ಚಿದ. ಊಟದ ಮೇಜಿನ ಕಾಲನ್ನ ನಾಯಿ ಕಡೀತು, ಕಂದು ಬಣ್ಣದ ಮಾರ್ಕರ್. ನಿನ್ನ ಮದುವೇಲಿ ಹಾಕಿದ್ದ ಬೂಟು ತೂತಾಗಿತ್ತು. ಒಳಗಿನ ಕಾಲ್ಚೀಲಕ್ಕೆ ಕಪ್ಪು ಹಚ್ಚಿಕೊಂಡು ಬಂದಿದ್ದ. ಕಾರಿಗೆ ಗೀರು ಬಿತ್ತು, ನನಗೆ ಹೇಳ್ಲಿಲ್ಲ, ನೀಲಿ ಹಚ್ಚಿದ, ಕಾರು ಹಸಿರು!"

"ಡಾರ್ಲೀನ್, ಸಾಕು," ಎಂದ ವೆಂಡೆಲ್.

"ಸಾಕಾ? ಇವರು ನಂಬ್ತಿಲ್ಲವಲ್ಲ! ನಮ್ಮ ಮದುವೆ ದಿನ ನಡುನೆತ್ತಿ ಬೋಳು ಕಾಣಬಾರದು ಅಂತ ಬೂಟ್‌ಪಾಲಿಶ್ ಬಳ್ಕೊಂಡಿದ್ದ. ಮಾರನೇ ದಿನ ಹೋಟೆಲಿನವರು ದಿಂಬಿನ ಚೀಲಕ್ಕೆ ದಂಡ ಹಾಕಿದ್ರು. ಈ ಮನುಷ್ಯನಿಗೆ ಒಂದು ಬಿಳೀ ಚುಕ್ಕೆ ಕಂಡು, ಕೈಗೆ ಪೆನ್ನು ಸಿಕ್ಕಿ, ಸುಮ್ನೆ ಕೂತಿರ್ತಾನಾ?"

ಹದಿನೆಂಟು ಜೊತೆ ಕಣ್ಣು ಮೊದಲು ವೆಂಡೆಲ್‌ನ ನೆತ್ತಿಗೆ ಹೋದವು, ಆಮೇಲೆ ಬೂಟಿಗೆ ಇಳಿದವು, ಆಮೇಲೆ ಮುಖದ ಮೇಲೆ ನಿಂತವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾರ್ಡು ಮತ್ತೆ ಕೈಯಿಂದ ಕೈಗೆ ಹೋಯಿತು, ಈ ಸಲ ನಿಧಾನವಾಗಿ. ಸಹಿ ಈಗ ಎಲ್ಲರಿಗೂ ಅವನದೇ ಎಂದು ಕಂಡಿತು. ಲೈಲ್ ನೆಲ ನೋಡುತ್ತ, "ಆ ಮುದುಕನ ಕಾರಿಗೆ ಕಾಗದ ಅಂಟಿಸಿದ್ದು ನಾನು," ಎಂದ. ಅವನ ದನಿ ಅಷ್ಟು ಸಣ್ಣದಾಗಬಲ್ಲದೆಂದು ಯಾರಿಗೂ ಗೊತ್ತಿರಲಿಲ್ಲ. "ಟೈರಿಗೆ ಹಾಕೋ ಗೋಂದು."

ವೆಂಡೆಲ್ ಹಿಂದಿನ ಸಾಲಿನವರೆಗೆ ನಡೆದುಹೋದ. ಖಾಲಿ ಕುರ್ಚಿಗಳ ನಡುವೆ ನಿಂತ. "ಆರ್ವಿಲ್, ನಾಲ್ಕು ವಾರ ನಾನು..." ಮುಂದಿನ ಮಾತು ಹನ್ನೊಂದು ಪುಟದಲ್ಲಿ ಎಲ್ಲೂ ಇರಲಿಲ್ಲ. ಮುಖ ಮಾತ್ರ ಕಿವಿಯವರೆಗೆ ಕೆಂಪಾಗಿತ್ತು. ಆ ಕೆಂಪು ಹಚ್ಚಿದ್ದಲ್ಲವೆಂದು ಯಾವ ಕಂಪನಿಯಾದರೂ ಬರೆದುಕೊಡುತ್ತಿತ್ತು.

"ದಂತವೈದ್ಯರಿಗೂ ಒಂದು ಕಾಗದ ಬರಿ," ಎಂದರು ಆರ್ವಿಲ್.

ಬರ್ನಿಸ್ ನಡವಳಿ ಪುಸ್ತಕ ಬಿಡಿಸಿದರು. ಮುಖ್ಯೋಪಾಧ್ಯಾಯಿನಿಯ ದನಿ ವಾಪಸು ಬಂದಿತ್ತು. "ಮೊದಲನೇ ಮೇಜು ಸ್ಟೆಂಗರ್ ಅವರದೇ. ಸಂಘ ಎದ್ದು ನಿಂತು ಅವರ ಕ್ಷಮೆ ಕೇಳಬೇಕು." ಎಲ್ಲರೂ ಎದ್ದರು. ಕುರ್ಚಿಗಳು ಕಿರುಗುಟ್ಟಿದವು. ನಾಲ್ಕು ಜನ, ಯಾರೂ ಹೇಳದೆ, ಖಾಲಿ ಕುರ್ಚಿಗಳಲ್ಲಿ ಬಂದು ಕೂತರು. "ಪ್ಲಂಕೆಟ್ ಅವರೇ, ತಪಾಸಣಾಧಿಕಾರಿಯಾಗಿ ನಿಮ್ಮ ಕೊನೆಯ ಕೆಲಸ. ನಡವಳಿಯಲ್ಲಿ ಅಳತೆ ದಾಖಲಾಗಬೇಕು. ಬಣ್ಣ ಹಚ್ಚಿದ ಜಾಗ ಎಷ್ಟುದ್ದ?"

ಮೊಹರಾದ 'ಕೆಂಪು ಪೋಸ್ಟ್‌ಮನ್' ಪುಸ್ತಕವನ್ನು ಮೇಜಿನ ಮೇಲಿಟ್ಟರು. ಆರ್ವಿಲ್ ಕೋಟಿನ ಒಳಜೇಬಿನಿಂದ ತಮ್ಮ ಅಂಗಡಿಯ ಕಾಲದ ಉಕ್ಕಿನ ಅಳತೆಪಟ್ಟಿ ತೆಗೆದುಕೊಟ್ಟರು. ವೆಂಡೆಲ್ ಬಾಗಿ, ಭೂತಗನ್ನಡಿ ಹಿಡಿದು ನೋಡಿದ.

"ಸುಮಾರು ನಾಲ್ಕು ಮಿಲಿಮೀಟರ್."

"ನೀರಿಲಾಖೆಯಲ್ಲೂ ಸುಮಾರು ಅಂತಲೇ ಬರೀತೀರಾ?" ಎಂದರು ಬರ್ನಿಸ್.

"ಪ್ಲಾಸ್ಟಿಕ್ ದಪ್ಪ ಇದೆ. ಓರೆಯಾಗಿ ನೋಡಿದ್ರೆ ಅಳತೆ ತಪ್ಪುತ್ತೆ."

"ನೇರವಾಗಿ ನೋಡು ಮಗಾ," ಎಂದರು ಆರ್ವಿಲ್.

ವೆಂಡೆಲ್ ನೇರವಾಗಿ ನೋಡಿದ. ಗೀಟು ಬಿಳಿ ಚುಕ್ಕೆ ಇದ್ದ ಜಾಗವನ್ನು ದಾಟಿ ಎರಡೂ ಕಡೆ ಆಚೆಗೆ ಹರಿದಿತ್ತು. ಅವನು ಗಂಟಲು ಸರಿಮಾಡಿಕೊಂಡು, ಕೊನೆಯ ಸಾಲಿಗೂ ಕೇಳುವ ಹಾಗೆ ಓದಿದ. ಬರ್ನಿಸ್ ಬರೆದುಕೊಂಡರು: ಆರೂವರೆ ಮಿಲಿಮೀಟರ್.